ಕೆಡ್ಡಸದ ಉರುಳು

ಮುಂಬಯಿಯ ಮಾಟುಂಗದ ಹೋಟೆಲಿನಲ್ಲಿ ಮೋನಪ್ಪನನ್ನು ಕಂಡವರು, ಈ ಮನುಷ್ಯನ ಕೈಯಲ್ಲಿ ಒಂದು ಇರುವೆಯೂ ಸಾಯಲಿಕ್ಕಿಲ್ಲ ಎಂದುಕೊಳ್ಳುತ್ತಿದ್ದರು. ಇಪ್ಪತ್ತೆಂಟು ವರ್ಷಗಳಿಂದ ಅದೇ ಅಡುಗೆಮನೆ, ಅದೇ ಇಡ್ಲಿಯ ಹಬೆ. ಅಲ್ಲಿ ಮೊಟ್ಟೆಯ ಹೆಸರೆತ್ತಿದರೂ ಯಜಮಾನರ ಮುಖ ಗಂಟಾಗುತ್ತಿತ್ತು. ಅಂಥ ಕಡೆ ದಿನವಿಡೀ ದುಡಿದು, ಸಂಜೆ ಲೋಕಲ್ ಹಿಡಿದು ಮುಲುಂಡಿನಲ್ಲಿಳಿದು, ಗುಡ್ಡದ ಬುಡದ ಸಾಲುಮನೆಗಳ ಚಾಳಿಗೆ ಕಾಲಿಟ್ಟನೆಂದರೆ ಆಸಾಮಿಯೇ ಬೇರೆ. ಅಲ್ಲಿ ಅವನು ಬೇಟೆ ಮೋನಪ್ಪಣ್ಣ.

ಚಾಳಿನ ಹಿಂದಿನ ಗೋಡೆ ದಾಟಿದರೆ ನ್ಯಾಷನಲ್ ಪಾರ್ಕಿನ ಕಾಡು. ಅಲ್ಲಿ ಹಂದಿ ಹೊಡೆದರೆ ಜೈಲು ಎಂಬುದು ಚಾಳಿನ ಮಕ್ಕಳಿಗೂ ಗೊತ್ತಿತ್ತು. ಆದರೂ ವರ್ಷಕ್ಕೊಮ್ಮೆ, ತುಳುನಾಡಿನ ಕೆಡ್ಡಸದ ಹಬ್ಬಕ್ಕೆ, ಮೋನಪ್ಪನಿಗೆ ಹಂದಿ ಬೀಳಲೇಬೇಕಿತ್ತು. ಊರಿನಲ್ಲಿ ಅಪ್ಪ ಮಾಡಿದ್ದು, ಅಜ್ಜ ಮಾಡಿದ್ದು. ಕೆಡ್ಡಸದ ಮೂರು ದಿನ ಭೂಮಿತಾಯಿ ಮುಟ್ಟಾಗಿರುತ್ತಾಳೆ. ನೆಲಕ್ಕೆ ಹಾರೆ ತಾಗಿಸುವಂತಿಲ್ಲ, ಹಸಿ ಗಿಡ ಕಡಿಯುವಂತಿಲ್ಲ, ಆದರೆ ಬೇಟೆಗೆ ಹೋಗದೆ ಇರುವಂತಿಲ್ಲ. ಮಣ್ಣಿಗೆ ನೋವಾಗಬಾರದು, ಹಂದಿಗಾದರೆ ಅಡ್ಡಿಯಿಲ್ಲ. ಇದ್ಯಾವ ನ್ಯಾಯ ಎಂದು ಯಾರಾದರೂ ಕೇಳಿದರೆ ಅವನಿಗೆ ಮೂಗಿನ ತುದಿಯಲ್ಲೇ ಸಿಟ್ಟು.

ಕೋವಿ ಇಲ್ಲದ ಈ ಪರವೂರಲ್ಲಿ ಅವನ ಆಯುಧ ಉರುಳು. ಬೈಕಿನ ಕ್ಲಚ್ ವಯರಿನ ಕುಣಿಕೆ ಮಾಡಿ, ಹಂದಿ ಓಡಾಡುವ ದಾರಿಯಲ್ಲಿ ಒಡ್ಡಿ, ಇನ್ನೊಂದು ತುದಿಯನ್ನು ಕಬ್ಬಿಣದ ಗೂಟಕ್ಕೆ ಬಿಗಿಯುವುದು. ಗೂಟವನ್ನು ಕೆಡ್ಡಸಕ್ಕೆ ಒಂದು ವಾರ ಮೊದಲೇ ಹೊಡೆದಿಟ್ಟುಬಿಡುತ್ತಿದ್ದ. ಆರು ವರ್ಷಗಳಲ್ಲಿ ಆರು ಹಂದಿ. ಚಾಳಿನ ಹದಿನಾಲ್ಕು ತುಳು ಮನೆಗಳಿಗೆ ಪಾಲು ಹೋಗುತ್ತಿತ್ತು, ತಲೆ ಅವನಿಗೆ. ತಿಂದವರೆಲ್ಲ ಬಾಯಿ ಚಪ್ಪರಿಸಿ ಹೊಗಳುವವರೇ.

ಈ ಸಲ ಎಡವಟ್ಟಾಯಿತು. ಹೋಟೆಲಿನ ದೊಡ್ಡ ಭಟ್ಟರು ಊರಿಗೆ ಹೋಗಿ ಕೂತರು. ಮೋನಪ್ಪನಿಗೆ ಎರಡು ಪಾಳಿಯ ಕೆಲಸ. ಗುಡ್ಡ ಹತ್ತಲು ಬಿಡುವಾದದ್ದು ನಡು ಕೆಡ್ಡಸದ ಮಧ್ಯಾಹ್ನ. ಜೊತೆಗೆ ಕೊರಗ ಬಂದ. ಪಕ್ಕದ ಖೋಲಿಯವನು, ಆಟೋ ಓಡಿಸುವವನು, ಮೋನಪ್ಪನಿಗಿಂತ ಹದಿನೈದು ವರ್ಷ ಚಿಕ್ಕವನು. ಗೋಣಿಯಲ್ಲಿ ಗೂಟವನ್ನೂ ಸುತ್ತಿಗೆಯನ್ನೂ ಅವನೇ ಹೊತ್ತು ತಂದಿದ್ದ.

“ಅದನ್ಯಾಕೆ ತಂದದ್ದು?” ಎಂದ ಮೋನಪ್ಪ.

“ಗೂಟ ಇಲ್ಲದೆ ಹೇಗೆ ಮೋನಪ್ಪಣ್ಣ? ಹೆಜ್ಜೆ ನೋಡಿ, ಇದು ಸಣ್ಣ ಹಂದಿ ಅಲ್ಲ.”

“ಇವತ್ತು ನಡು ಕೆಡ್ಡಸ. ನೆಲಕ್ಕೆ ಕಬ್ಬಿಣ ಹೊಡೀಲಿಕ್ಕುಂಟಾ? ನಿನ್ನ ಅಪ್ಪ ನಿಂಗೆ ಎಂತದೂ ಹೇಳಿಕೊಡ್ಲಿಲ್ವಾ?”

“ಇದು ಬೊಂಬಾಯಿ ಮಾರಾಯ್ರೆ. ಮೆಟ್ರೋದವರು ಇವತ್ತು ನೆಲ ಕೊರೆಯದೆ ಕೂತಿದ್ದಾರಾ?”

“ಅವರ ಪಾಪ ಅವರಿಗೆ. ನೀನು ಸುಮ್ನೆ ವಯರ್ ಹಿಡಿ.”

ಹಿಡಿದ ಪಟ್ಟು ಬಿಡುವ ಜಾತಿಯಲ್ಲ ಮೋನಪ್ಪ. ಹಸಿ ಮರದ ತೊಗಟೆಗೂ ವಯರು ತಾಗಬಾರದೆಂದು, ಒಣಗಿ ಬಿದ್ದಿದ್ದ ಮರದ ದಿಮ್ಮಿಯೊಂದಕ್ಕೆ ಉರುಳನ್ನು ಬಿಗಿದ. ಇಬ್ಬರೂ ಸೇರಿ ದೂಡಿದರೂ ದಿಮ್ಮಿ ಅಲುಗಲಿಲ್ಲ. ಸಾಕು ಎಂದ.

ಮರುದಿನ ಬೆಳಗ್ಗೆ ಬಿಸಿಲೇರುವ ಹೊತ್ತಿಗೆ ಹೋಗಿ ನೋಡಿದರೆ ದಿಮ್ಮಿ ಇದ್ದಲ್ಲಿ ಇಲ್ಲ. ಅದನ್ನು ಎಳೆದುಕೊಂಡು ಹೋದ ಗುರುತು ಇಳಿಜಾರಿನುದ್ದಕ್ಕೂ ಇತ್ತು. ಆ ಗುರುತಿನ ಜಾಡು ಹಿಡಿದು ಇಬ್ಬರೂ ಇಳಿದರು. ಮೋನಪ್ಪನ ಕೈಯಲ್ಲಿ ಊರಿನ ಕತ್ತಿ, ಕೊರಗನ ಕೈಯಲ್ಲಿ ಮೊನೆ ಮಾಡಿದ ಕಬ್ಬಿಣದ ಸರಳು. ಎರಡು ಬಂಡೆಗಳ ನಡುವೆ ದಿಮ್ಮಿ ಸಿಕ್ಕಿಕೊಂಡಿತ್ತು. ಅದರಾಚೆ ಹಂದಿ ನಿಂತಿತ್ತು. ಅಂಥ ಗಂಡುಹಂದಿಯನ್ನು ಮೋನಪ್ಪ ಊರಿನಲ್ಲೂ ಕಂಡಿರಲಿಲ್ಲ. ರಾತ್ರಿಯಿಡೀ ಎಳೆದಾಡಿ ವಯರು ಮುಂಗಾಲಿನ ಮಾಂಸ ಕೊಯ್ದು ಎಲುಬಿಗೆ ಇಳಿದಿತ್ತು. ಬಾಯಿಯ ನೊರೆಯೆಲ್ಲ ಕೆಂಪು.

“ನೀನು ಎಡಗಡೆ ನಿಂತು ಅದರ ಗಮನ ಸೆಳಿ. ನಾನು ಹಿಂದಿಂದ ಬರ್ತೇನೆ,” ಎಂದ ಮೋನಪ್ಪ.

ಗೂಟಕ್ಕೆ ಕಟ್ಟಿದ ಹಂದಿಗೆ ಹೀಗೇ ಮಾಡುವುದು. ಅದು ಎಷ್ಟು ಜಿಗಿದರೂ ವಯರಿನ ಉದ್ದ ದಾಟಲಾರದು. ಆದರೆ ಇಲ್ಲಿ ಗೂಟವಿರಲಿಲ್ಲ. ಕೊರಗ ಎರಡು ಹೆಜ್ಜೆ ಮುಂದಿಟ್ಟದ್ದೇ ತಡ, ಹಂದಿ ಮೈಯೆಲ್ಲ ಹುರಿಗೊಳಿಸಿ ನುಗ್ಗಿತು. ಬಂಡೆಗಳ ನಡುವಿನಿಂದ ದಿಮ್ಮಿ ಕಿತ್ತು ಬಂತು. ಕೊರಗ ಸರಳು ಚುಚ್ಚಿದ. ಅದು ಪಕ್ಕೆಯ ತೊಗಲಿಗೆ ತಾಗಿ ಜಾರಿತು. ಹಂದಿ ತಲೆ ತಗ್ಗಿಸಿ ಅವನ ತೊಡೆಯ ಸಂದಿಗೆ ಕೋರೆ ಹಾಕಿ ಮೇಲಕ್ಕೆ ಸೀಳಿತು. ಬಿದ್ದವನನ್ನು ಮತ್ತೆ ಸೀಳಿತು. ಮೋನಪ್ಪ ಓಡಿಬಂದು ಅದರ ಹೆಗಲಿಗೆ ಕತ್ತಿ ಬೀಸಿದ. ಕತ್ತಿ ಕಚ್ಚಿಕೊಂಡಿತು. ಕಾಲೂರಿ ಕಿತ್ತು ಕುತ್ತಿಗೆಗೆ ಹೊಡೆದ, ಇನ್ನೊಮ್ಮೆ ಹೊಡೆದ, ಅದು ಅರಚುತ್ತ ಕುಸಿದ ಮೇಲೂ ಹೊಡೆಯುತ್ತಲೇ ಇದ್ದ. ಕೊನೆಗೆ ಹಂದಿ ಕೊರಗನ ಕಾಲುಗಳ ಮೇಲೆಯೇ ಸತ್ತು ಬಿತ್ತು.

ಮೋನಪ್ಪ ಅದನ್ನು ಹೊರಳಿಸಿ ಬದಿಗೆ ತಳ್ಳಿದ. ಕೊರಗನ ತೊಡೆಯಿಂದ ರಕ್ತ ಎದೆಬಡಿತದ ಲಯಕ್ಕೆ ಚಿಮ್ಮುತ್ತಿತ್ತು. ತಲೆಗೆ ಸುತ್ತಿದ್ದ ಬೈರಾಸನ್ನು ಬಿಚ್ಚಿ ಗಾಯಕ್ಕೆ ಬಿಗಿದು ಕಟ್ಟಿ ಅವನನ್ನು ಬೆನ್ನಿಗೆ ಹಾಕಿಕೊಂಡ.

ಅಲ್ಲಿಂದ ದಾರಿ ಎರಡು. ನೇರ ಇಳಿದರೆ ಹತ್ತು ನಿಮಿಷದಲ್ಲಿ ಫಾರೆಸ್ಟಿನವರ ಚೌಕಿ. ಅಲ್ಲಿ ಜೀಪಿತ್ತು, ಹಿಡಿಯುವವರೂ ಇದ್ದರು. ಹಿಂದಿನಿಂದ ಸುತ್ತಿ ಹೋದರೆ ಮುಕ್ಕಾಲು ಗಂಟೆ, ಆದರೆ ಚಾಳಿನ ತನಕ ಒಬ್ಬರ ಕಣ್ಣಿಗೂ ಬೀಳುವ ಹಾಗಿಲ್ಲ.

“ಚೌಕಿಗೆ ಬೇಡ ಮೋನಪ್ಪಣ್ಣ,” ಎಂದ ಕೊರಗ, ಅವನ ಕಿವಿಯ ಹತ್ತಿರವೇ. “ಇಬ್ಬರೂ ಒಳಗೆ ಹೋಗ್ತೇವೆ. ಮನೆಯಲ್ಲಿ ಹೆಂಡತಿ ಒಬ್ಬಳೇ. ಹಿಂದಿಂದ ಹೋಗುವ, ನಂಗೇನೂ ಆಗುದಿಲ್ಲ.”

ನಿಜ ಹೇಳಬೇಕೆಂದರೆ ಮೋನಪ್ಪನಿಗೂ ಬೇಕಾದದ್ದು ಅದೇ ಮಾತು. ಅವನ ಕಣ್ಣ ಮುಂದೆ ಆಗಲೇ ಬೇಡಿ ಬಂದಿತ್ತು, ಹೋಟೆಲಿನ ಯಜಮಾನರ ಮುಖ ಬಂದಿತ್ತು. ಹಿಂದಿನ ದಾರಿ ಹಿಡಿದ. ಕಾಲು ಗಂಟೆ ನಡೆದ. ಬೆನ್ನಿನಿಂದ ಇಳಿದ ರಕ್ತ ಹಿಮ್ಮಡಿಗೆ ಬಂದು ಚಪ್ಪಲಿ ಜಾರತೊಡಗಿತು. ಅಲ್ಲಿಯವರೆಗೆ ಗೊಣಗುತ್ತಿದ್ದ ಕೊರಗ ಸುಮ್ಮನಾದ. ಕರೆದರೆ ಓಗೊಡಲಿಲ್ಲ.

ಆಗ ಮೋನಪ್ಪ ತಿರುಗಿದ. ಬಂದ ದಾರಿಯಲ್ಲೇ ಓಡಿದ, ನೊಣ ಮುತ್ತಿದ್ದ ಹಂದಿಯನ್ನು ದಾಟಿ ಓಡಿದ, ಎರಡು ಸಲ ಬಿದ್ದು ಮೊಣಕಾಲು ಒಡೆದುಕೊಂಡು ಎದ್ದು ಓಡಿದ. ಚೌಕಿಯಲ್ಲಿದ್ದ ಕಾವಲುಗಾರ ಕಾಶಿನಾಥ ಒಂದು ಪ್ರಶ್ನೆಯನ್ನೂ ಕೇಳದೆ ಜೀಪು ಹೊರಡಿಸಿದ. ಆಫೀಸಿಗೆ ಹೋಗುವವರ ಟ್ರಾಫಿಕ್ಕಿನಲ್ಲಿ, ಮುಲುಂಡ್ ಸ್ಟೇಷನ್ ಕಾಣುವಷ್ಟು ಹತ್ತಿರ ಬಂದಾಗ, ಕೊರಗ ಜೀಪಿನ ನೆಲದ ಮೇಲೆ ಪ್ರಾಣ ಬಿಟ್ಟ.

ಮೋನಪ್ಪ ಎರಡು ತಿಂಗಳು ಒಳಗಿದ್ದ. ಬೇಟೆಯಾಡಿದ್ದನ್ನು ಒಪ್ಪಿಕೊಂಡ. ದಾರಿಯ ವಿಷಯ ಮಾತ್ರ ಹೇಳಲಿಲ್ಲ. ಕೊರಗನನ್ನು ನೇರ ಚೌಕಿಗೇ ಹೊತ್ತು ತಂದೆನೆಂದು ಪೊಲೀಸರ ಹೇಳಿಕೆಯಲ್ಲಿ ಬರೆಸಿದ. ಅಲ್ಲ ಎನ್ನಬೇಕಾದವನು ಸತ್ತಿದ್ದ. ಹೋಟೆಲಿನ ಕೆಲಸ ಹೋಯಿತು. ಜಾಮೀನಿನ ಮೇಲೆ ಹೊರಗೆ ಬಂದವನು ತನ್ನ ಖೋಲಿಗೆ ಹೋಗದೆ ಕೊರಗನ ಬಾಗಿಲಿಗೆ ಬಂದ.

ಕೊರಗನ ಹೆಂಡತಿ ಶೀಲಾವತಿ ನಳದ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ಎದ್ದು ನಿಂತಳು.

“ಕಾಲು ಗಂಟೆ ಮೊದಲು ತಂದಿದ್ರೆ ಉಳೀತಿದ್ರು ಅಂತ ಡಾಕ್ಟರು ಹೇಳಿದ್ರು,” ಎಂದಳು. “ಯಾವ ದಾರಿಯಲ್ಲಿ ತಂದ್ರಿ ಮೋನಪ್ಪಣ್ಣ?”

ಪೊಲೀಸರಿಗೆ ಹೇಳಿದ್ದನ್ನೇ ಹೇಳಬಹುದಿತ್ತು. ಕೊರಗನೇ ಬೇಡ ಅಂದ ಎಂದು ಅವನ ತಲೆಗೆ ಕಟ್ಟಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ.

“ಮೊದಲು ಹಿಂದಿನ ದಾರಿ,” ಎಂದ ಮೋನಪ್ಪ. “ನಂಗೆ ಹೆದರಿಕೆ ಆಯ್ತು.”

ಶೀಲಾವತಿ ಬಟ್ಟೆ ಬಡಿಯುವ ಹಲಗೆ ಎತ್ತಿಕೊಂಡಳು. ಮೊದಲ ಏಟು ಹೆಗಲಿಗೆ ಬಿತ್ತು, ಎರಡನೆಯದು ಬಾಯಿಗೆ. ಹಲ್ಲು ಮುರಿದದ್ದು ಆಚೆ ಮನೆಯವರಿಗೂ ಕೇಳಿಸಿತು. ಅವನು ಕೈ ಅಡ್ಡ ಹಿಡಿಯಲಿಲ್ಲ. ಸಾಲುಸಾಲಾಗಿ ಬಾಗಿಲುಗಳು ತೆರೆದವು. ಆರು ವರ್ಷ ಅವನ ಕೈಯ ಪಾಲು ತಿಂದವರೆಲ್ಲ ಹೊಸ್ತಿಲಲ್ಲಿ ನಿಂತು ನೋಡಿದರು, ಒಬ್ಬರೂ ಮುಂದೆ ಬರಲಿಲ್ಲ. ಅವನು ಮಂಡಿಯೂರಿ ಬಿದ್ದ ಮೇಲೂ ಅವಳು ಕೈ ಸೋಲುವವರೆಗೆ ಹೊಡೆದಳು. ಆಮೇಲೆ ಹಲಗೆ ಎಸೆದು ಏದುಸಿರು ಬಿಡುತ್ತ ನಿಂತಳು.

“ಚೌಕಿಗೆ ಬೇಡ ಅಂತ ಅವರೇ ಹೇಳಿರ್ತಾರೆ, ನಂಗೆ ಗೊತ್ತುಂಟು,” ಎಂದಳು. “ಅವರ ಒಂದು ಮಾತನ್ನೂ ನೀವು ಯಾವತ್ತೂ ಕೇಳಿದವರಲ್ಲ. ಇದೊಂದು ಯಾಕೆ ಕೇಳಿದ್ರಿ?”