ಹೊಸ ಬಟ್ಟೆ ಹಾಕಿದ ಕೌದಿ

ಕೌದಿಗೆ ಹೊಸ ಬಟ್ಟೆ ಹಾಕುವುದಿಲ್ಲ. ಉಟ್ಟು, ತೊಟ್ಟು, ಒಗೆದು, ಹರಿದು, ಇನ್ನು ಯಾವುದಕ್ಕೂ ಬಾರದು ಅಂತಾದ ಬಟ್ಟೆಗೆ ಮಾತ್ರ ಅಲ್ಲಿ ಜಾಗ. ಗೋಕಾಕದ ಸುತ್ತಮುತ್ತ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಸೂಜಿ ಹಿಡಿದ ಹೆಣ್ಣುಮಗಳಿಗೆ ತಾನಾಗಿಯೇ ಗೊತ್ತಿರುತ್ತದೆ. ಸುಂದ್ರವ್ವನಿಗೂ ಗೊತ್ತಿತ್ತು. ಗೊತ್ತಿದ್ದೂ ಹಾಕಿದಳು. ಹಾಕಿಸಿದ್ದು ಕಂಪ್ಯೂಟರ್ ಎಂದು ಆಮೇಲೆ ಜನ ಆಡಿಕೊಂಡರು. ಜನರ ನಾಲಿಗೆಗೆ ಎಲುಬಿಲ್ಲ ನೋಡಿ, ಪಾಪದಲ್ಲಿ ಅದಕ್ಕೂ ಒಂದು ಪಾಲು ಹಂಚಿಬಿಟ್ಟರು.

ಅವಳು ಮಮದಾಪುರದ ಯಲ್ಲವ್ವನ ಮಗಳು. ಯಲ್ಲವ್ವ ಹೊಲಿದ ಕೌದಿ ಹೊದ್ದರೆ ಚಳಿಯೇ ನಾಚಿಕೊಂಡು ಹೊರಗೆ ನಿಲ್ಲುತ್ತದೆ ಎಂದು ಊರವರು ಹೇಳುತ್ತಿದ್ದರು. ತಾಯಿಯ ಕೈ ಮಗಳಿಗೂ ಬಂದಿತ್ತು, ಜೊತೆಗೆ ಹತ್ತನೆಯ ಇಯತ್ತೆ ಪಾಸಾದ ಸಣ್ಣ ಜಂಬ ಬೇರೆ. ಘಟಪ್ರಭೆಯ ದಂಡೆಯ ಊರಿಗೆ ಕೊಟ್ಟರು. ಗಂಡ ಮುರಿಗೆಪ್ಪ ಗೋಕಾಕ, ಮೂಡಲಗಿ, ಹುಕ್ಕೇರಿ ಎಂದು ಟೆಂಪೋ ಓಡಿಸುತ್ತಿದ್ದ. ಊರೆಲ್ಲ ಕೇಳುವ ಹಾಗೆ ಹಾಡು ಹಾಕಿಕೊಂಡು ಬರುವ ಮನುಷ್ಯ. ಒಬ್ಬನೇ ಮಗ, ಸಿದ್ರಾಮ. ಕೆಂಪು ಬಸ್ಸು ಕಂಡರೆ ಉಣ್ಣುವ ತಾಟು ಬಿಟ್ಟು ಓಡುವ ಹುಡುಗ.

ಆ ದಿನಗಳಲ್ಲಿ ಗೋಕಾಕದ ಜೈನರ ಮನೆಯೊಂದರ ಸೊಸೆ ಪ್ರಣಿತಾ ಕೌದಿ ಹೊಲಿಸುವ ಕೆಲಸ ಶುರು ಮಾಡಿದಳು. ಯಮಕನಮರಡಿಯ ತವರು, ಓದಿದ ಹುಡುಗಿ, ಸುಮ್ಮನೆ ಕೂರುವ ಜಾಯಮಾನವಲ್ಲ. ಮಾವ ಕುಂಥುನಾಥರು ತಮ್ಮ ಕಾಳಿನ ಗೋದಾಮಿನ ಮೇಲಿನ ಕೋಣೆ ಬಿಟ್ಟುಕೊಟ್ಟರು. ಅಲ್ಲಿಗೆ ಹಳೆಯ ಸೀರೆಯ ಗಂಟುಗಳು ಬಂದವು, ಹೊಲಿಯುವ ಹೆಂಗಸರು ಬಂದರು, ಕೊನೆಗೆ ಪುಣೆಯಿಂದ ಒಂದು ಕಂಪ್ಯೂಟರೂ ಬಂತು. ಅದರೊಳಗೆ ಕೌದಿಯ ನಮೂನೆ ತೆಗೆಯುವ ಸಾಫ್ಟ್‌ವೇರ್ ಇತ್ತು.

ಅದನ್ನು ಮೊದಲು ಕಲಿತವಳು ಸುಂದ್ರವ್ವ. ಹಳೆಯ ಸೀರೆಯ ತುಂಡನ್ನು ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಹಾಕಿ ಮುಚ್ಚಿದರೆ, ಒಳಗೆ ಬೆಳಕೊಂದು ಹರಿದುಹೋಗಿ, ಆ ಬಟ್ಟೆ ಕಲೆ ಸಮೇತ ಪರದೆಯ ಬದಿಯ ಪಟ್ಟಿಯಲ್ಲಿ ಬಂದು ಕೂರುತ್ತಿತ್ತು. ಆಮೇಲೆ ಅದನ್ನು ಬೇಕಾದ ಚೌಕಕ್ಕೆ ತುಂಬಿ, ಹೊಲಿಗೆಯ ಒಂದು ಟಾಕೂ ಹಾಕದೆ ಇಡೀ ಕೌದಿಯನ್ನು ಕಣ್ಣಾರೆ ನೋಡಬಹುದು. ಇನ್ನೊಂದು ಗುಂಡಿಯೂ ಇತ್ತು. ಒತ್ತಿದರೆ ಪಟ್ಟಿಯ ಬಟ್ಟೆಗಳನ್ನೆಲ್ಲ ಅದೇ ಕಲಸಿ, ತನ್ನ ಮನಸ್ಸಿಗೆ ಬಂದಂತೆ ಹಂಚಿ, ಹೊಸ ನಮೂನೆ ತೋರಿಸುವುದು. ಹೆಂಗಸರು ಅದಕ್ಕೆ ಇಸ್ಪೀಟ್ ಗುಂಡಿ ಎಂದು ಹೆಸರಿಟ್ಟರು.

"ಹಡಿಯೂದಕ್ಕ ಮೊದಲಽ ಕೂಸಿನ ಮಾರಿ ನೋಡಿದಂಗಾತು ಇದು," ಎಂದಳು ಮೂಡಲಗಿಯ ಸಾವಂತ್ರೆವ್ವ. ಹೊಲಿಯುವವರಲ್ಲಿ ಹಿರಿಯಳು, ಎಲ್ಲರಿಗೂ ಆಯಿ.

ಕಲಿತ ಕೈ ಸುಮ್ಮನಿರುವುದಿಲ್ಲ. ಸುಂದ್ರವ್ವ ತನ್ನ ಮನೆಗೂ ಒಂದು ಕೌದಿಯನ್ನು ಪರದೆಯ ಮೇಲೆ ಬಿಡಿಸಿದಳು. ಎಲ್ಲ ಚೆಂದ ಬಂತು, ಒಂದು ಮೂಲೆ ಮಾತ್ರ ಮಂಕು. ಅಲ್ಲಿಗೆ ಹಳದಿ ಬೇಕು ಅನ್ನಿಸಿತು. ಹಳೆಯ ಗಂಟಿನಲ್ಲಿ ಎಲ್ಲಿ ಹುಡುಕಿದರೂ ಒಳ್ಳೆಯ ಹಳದಿ ಇಲ್ಲ. ಅವಳ ಚೀಲದಲ್ಲಿತ್ತು. ಹುಕ್ಕೇರಿ ಸಂತೆಯಿಂದ ತಂದ ಬಟ್ಟೆಯಲ್ಲಿ ಸಿದ್ರಾಮನಿಗೆ ಹಬ್ಬಕ್ಕೆಂದು ಅಂಗಿ ಹೊಲಿದಿದ್ದಳು. ಅದರಲ್ಲಿ ಉಳಿದ ತುಂಡು. ಹಳದಿಯ ಮೇಲೆ ಸಣ್ಣ ಸಣ್ಣ ಕೆಂಪು ಬಸ್ಸುಗಳು. ಬಣ್ಣ ಹೇಗೆ ಕಾಣುತ್ತದೋ ನೋಡೋಣ ಎಂದು ಗಾಜಿನ ಮೇಲಿಟ್ಟಳು. ಪರದೆಯ ಮೇಲೆ ಆ ಮೂಲೆ ದೀಪ ಹಚ್ಚಿದಂತೆ ಬೆಳಗಿತು. ಬೆಳಗಿದ ಮೇಲೆ ಬಿಡುವುದುಂಟೆ? ಅದೇ ತುಂಡನ್ನು ಕೌದಿಯ ಮೂಲೆಗೆ ಹೊಲಿದಳು.

ಯಲ್ಲವ್ವ ನೋಡಿ, "ಮೈ ಮುಟ್ಟಲಾರದ ಬಟ್ಟಿ ಕೌದಿಗೆ ಹಾಕಬಾರದವ್ವ," ಎಂದಳು.

"ಏನ ಆಕ್ಕೈತಿ ಬಿಡಬೇ, ಒಂದ ತುಣುಕು," ಎಂದು ಮಗಳು ನಕ್ಕಳು.

ಮಾನೌಮಿ ಹಬ್ಬಕ್ಕೆ ಘಟ ಕೂರಿಸುವ ಮೊದಲು ಮನೆಯ ಹಾಸಿಗೆ ಹೊದಿಕೆಯೆಲ್ಲ ಒಗೆತಕ್ಕೆ ಹೊಳೆ ಕಾಣಬೇಕು. ಅದು ಅಲ್ಲಿನ ಪದ್ಧತಿ. ನೆಂದ ಕೌದಿಯ ಭಾರ ಹೊತ್ತವರಿಗೇ ಗೊತ್ತು. ಗಂಡಸರ ರಟ್ಟೆಯೂ ಬೇಕಾಗುತ್ತದೆ. ಆ ವರ್ಷ ಮಳೆ ಹಿಂದಾಗಿ ಹೊಳೆ ಇನ್ನೂ ಇಳಿದಿರಲಿಲ್ಲ. ಸುಂದ್ರವ್ವ ಮನೆ ಸಾರಿಸುತ್ತ ಉಳಿದಳು. ಮುರಿಗೆಪ್ಪ ಟೆಂಪೋದಲ್ಲಿ ಹೊದಿಕೆಯೆಲ್ಲ ಹೇರಿಕೊಂಡು ಹೋದ. ಸಿದ್ರಾಮ ಹೊಸ ಅಂಗಿ ಬಿಚ್ಚಲೊಲ್ಲೆ ಎಂದು ಹಟ ಮಾಡಿ, ಅದರಲ್ಲೇ ಹಿಂದೆ ಹತ್ತಿ ಕೂತ.

ಅವಳಿಗೆ ಗೊತ್ತಾದದ್ದು ಇಷ್ಟೇ. ಕೌದಿ ಕೈಜಾರಿ ಸೆಳವಿಗೆ ಸಿಕ್ಕಿತು, ಹಿಡಿಯುತ್ತೇನೆಂದು ಹುಡುಗ ಓಡಿದ, ಅಪ್ಪನೂ ಹಾರಿದ. ಮರುದಿನ ಕೆಳಗಿನ ಊರಿನವರು ಸಿದ್ರಾಮನನ್ನು ತಂದುಕೊಟ್ಟರು. ಮೈಮೇಲೆ ಇದ್ದ ಅಂಗಿಯನ್ನೂ ಮನೆಯಲ್ಲಿದ್ದ ಉಳಿದ ಬಟ್ಟೆಗಳನ್ನೂ ಹಿರಿಯರು ಹೊಳೆಗೇ ಬಿಟ್ಟರು. ಹೋದ ಎಳೆಯ ಜೀವದ ಬಟ್ಟೆ ಮನೆಯಲ್ಲಿಟ್ಟುಕೊಳ್ಳಬಾರದು. ಫೋಟೋ ಒಂದೂ ಇರಲಿಲ್ಲ. ಸಾಲಿಗೆ ಹಾಕುವಾಗ ತೆಗೆಸಿದರಾಯಿತು ಎಂದುಕೊಂಡಿದ್ದರು. ಮುರಿಗೆಪ್ಪ ಅಂದಿನಿಂದ ಮಗನ ಹೆಸರು ಎತ್ತಲಿಲ್ಲ. ಟೆಂಪೋದಲ್ಲಿ ಹಾಡು ನಿಂತಿತು. ಇಬ್ಬರೂ ಒಂದೇ ಮನೆಯಲ್ಲಿ, ಬೇರೆ ಬೇರೆ ಊರಿನವರ ಹಾಗೆ ಇದ್ದರು.

ಕೆಲಸಕ್ಕೆ ಮರಳಿದ ಮೊದಲ ದಿನ ಸುಂದ್ರವ್ವ ಏನೂ ಯೋಚಿಸದೆ ಇಸ್ಪೀಟ್ ಗುಂಡಿ ಒತ್ತಿದಳು. ನೀಲಿ ಇಳಕಲ್ ಸೀರೆ, ಹಸಿರು ಚೌಕಡಿ, ಮಾಸಿದ ಕುಂಕುಮ ಬಣ್ಣ, ಅವುಗಳ ನಡುವೆ ಹಳದಿ. ಅದರ ಮೇಲೆ ಕೆಂಪು ಬಸ್ಸುಗಳು.

ಆ ತುಂಡು ಕಂಪ್ಯೂಟರಿನಲ್ಲಿ ಉಳಿದಿದೆ ಎಂಬುದನ್ನೇ ಅವಳು ಮರೆತಿದ್ದಳು. ಮತ್ತೆ ಒತ್ತಿದಳು. ಈ ಸಲ ಮೇಲಿನ ಸಾಲಿನಲ್ಲಿ ಬಂದು ಕೂತಿತ್ತು. ಮತ್ತೆ ಒತ್ತಿದರೆ ಕೆಳಗೆ. ಸಿದ್ರಾಮ ಕೋಣೆಯಿಂದ ಕೋಣೆಗೆ ಓಡಿ ಅಡಗಿಕೊಳ್ಳುತ್ತಿದ್ದನಲ್ಲ, ಹಾಗೆ. ಅವಳಿಗೆ ಅಳು ಬರಲಿಲ್ಲ, ಹೆದರಿಕೆ ಬಂತು. ಹೆದರಿಕೆಯ ಒಳಗೆ ಒಂದು ಸುಖವೂ ಇತ್ತು, ಅದು ಇನ್ನೂ ಹೆದರಿಸಿತು.

ಅಂದಿನಿಂದ ಅವಳು ಎಲ್ಲರಿಗಿಂತ ಮೊದಲು ಬರತೊಡಗಿದಳು. ಪರದೆ ಬೆಳಗುವವರೆಗೆ ಸೆರಗಿನ ತುದಿ ಹಿಂಡುತ್ತ ಕಾಯುವಳು. ಗುಂಡಿ ಒತ್ತಿ, ಹಳದಿ ಕಂಡ ಕೂಡಲೇ, "ಇಲ್ಲಿ ಅದೀಯೇನೋ," ಎಂದು ಮೆಲ್ಲಗೆ ಕೇಳುವಳು. ಕೆಲವು ದಿನ ಬರುತ್ತಿರಲಿಲ್ಲ. ಆ ದಿನ ಯಾರ ಜೊತೆಗೂ ಸರಿಯಾಗಿ ಮಾತಾಡುತ್ತಿರಲಿಲ್ಲ, ಊಟದ ಗಂಟು ಬಿಚ್ಚದೆ ಮನೆಗೆ ಒಯ್ಯುತ್ತಿದ್ದಳು.

ಒಮ್ಮೆ ಬರೀ ಕೆಂಪು ಮತ್ತು ಕಪ್ಪು ಬಟ್ಟೆಯ ಕೌದಿ ಬೇಕೆಂದು ಆರ್ಡರ್ ಬಂತು. ಸುಂದ್ರವ್ವ ಆ ಬಣ್ಣಗಳನ್ನಷ್ಟೇ ಆರಿಸಿ ಗುಂಡಿ ಒತ್ತಿದಳು. ನಟ್ಟನಡುವೆ ಹಳದಿ ಬಂತು. ಬಸ್ಸುಗಳ ಕೆಂಪು ನೋಡಿ ಕಂಪ್ಯೂಟರ್ ಅದನ್ನೂ ಕೆಂಪು ಎಂದೇ ತಿಳಿದಿರಬೇಕು ಎಂದಳು ಪ್ರಣಿತಾ. ಇರಬಹುದು. ಕಾರಣ ಗೊತ್ತಾದ ಮಾತ್ರಕ್ಕೆ ಮೈಮೇಲೆದ್ದ ಮುಳ್ಳು ಮಲಗುತ್ತದೆಯೇ?

ನಮೂನೆ ಕಾಗದದ ಮೇಲೆ ಅಚ್ಚಾಗಿ ಹೊಲಿಯುವವರ ಕೈಗೆ ಹೋಗುತ್ತಿತ್ತು. ಅವರು ಗಂಟುಗಳಲ್ಲಿ ಹಳದಿ ಬಟ್ಟೆ ಹುಡುಕುವರು, ಸಿಗದು. ಮೊದಮೊದಲು ಬೇರೆ ಯಾವುದೋ ತುಂಡು ಹಚ್ಚಿ ಮುಗಿಸಿದರು. ಆಮೇಲೆ ಅದು ಯಾರ ಬಟ್ಟೆ ಎಂಬ ಸುದ್ದಿ ಹಬ್ಬಿತು. ಒಬ್ಬಳಿಗೆ ಸೂಜಿ ಚುಚ್ಚಿ ಬೆರಳು ಬಾತಿತು, ಇನ್ನೊಬ್ಬಳಿಗೆ ಆ ಕೌದಿ ಎಷ್ಟು ಬಿಸಿಲಿಗೆ ಹಾಕಿದರೂ ಹಸಿ ಹಸಿ ಅನ್ನಿಸಿತು. ಕೊನೆಗೆ ಅವರೆಲ್ಲ ಸೂಜಿ ಕೆಳಗಿಟ್ಟರು.

ಸಾವಂತ್ರೆವ್ವ ಅವಳ ಪಕ್ಕಕ್ಕೆ ಬಂದು ಕೂತಳು. "ಸುಂದ್ರಿ, ಇಲ್ಲದ ಕೂಸು ಇಲ್ಲದ ಬಟ್ಟಿ ಬೇಡಾಕತ್ತೈತಿ. ನೀ ದಿನಾ ಕರದ್ರ ಅದು ಹೆಂಗ ಹೋಗಬೇಕು? ಅಳಿಸಿಬಿಡು."

"ಅದೊಂದಽ ಉಳದೈತಿ ಆಯಿ," ಎಂದಳು ಸುಂದ್ರವ್ವ. "ಅದನ್ನ ಅಳಿಸಿದ್ರ ನನಗ ಮಗಾ ಇದ್ದ ಅನ್ನಾಕ ಏನೈತಿ?"

ಸಾವಂತ್ರೆವ್ವ ಅವಳ ಬೆನ್ನು ಸವರಿ ಎದ್ದುಹೋದಳು. ಅವಳೂ ಹಡೆದವಳು.

ಪ್ರಣಿತಾ ಒಳ್ಳೆಯವಳೇ. ಬಹಳ ದಿನ ತಡೆದುಕೊಂಡಳು. ಆದರೆ ಮತ್ತೆ ಮಾನೌಮಿ ಹತ್ತಿರ ಬಂತು, ಪುಣೆಗೆ ಹೋಗಬೇಕಾದ ಗಂಟುಗಳು ಅರ್ಧಕ್ಕೇ ಬಿದ್ದಿದ್ದವು. ಒಂದು ಮಧ್ಯಾಹ್ನ ಅವಳು ಕುರ್ಚಿಯ ಹಿಂದೆ ಬಂದು ನಿಂತು ಹೇಳಿದಳು: "ಇವತ್ತ ಅದನ್ನ ತಗೀಬೇಕು ಸುಂದ್ರಕ್ಕ. ಇಲ್ಲಂದ್ರ ನಾಳಿಂದ ಯಾರೂ ಬರಂಗಿಲ್ಲ. ನಾನಽ ತಗೀಬಹುದಿತ್ತು. ನಿನ್ನ ಕೈಲೇ ಆಗಲಿ ಅಂತ ಬಿಟ್ಟೇನಿ. ಸಂಜಿಮಟ ಟೈಮ್ ಐತಿ." ಹೇಳಿ ಕಣ್ಣೊರೆಸಿಕೊಳ್ಳುತ್ತ ಕೆಳಗೆ ಇಳಿದುಹೋದಳು.

ಸುಂದ್ರವ್ವ ಒಬ್ಬಳೇ ಕೂತಳು. ಹಳದಿಯನ್ನು ಪರದೆ ತುಂಬ ದೊಡ್ಡದು ಮಾಡಿದಳು. ಬಸ್ಸುಗಳು ದೊಡ್ಡವಾದವು, ನೂಲಿನ ಎಳೆ ಎಳೆಯೂ ಕಂಡಿತು. ಅಷ್ಟು ಹತ್ತಿರ ಹೋದರೂ ಮಗನ ಮೈ ವಾಸನೆ ಮಾತ್ರ ಬರಲಿಲ್ಲ.

ಗಂಟು ಹೇರಲು ಬಂದ ಮುರಿಗೆಪ್ಪ ಆಗ ಮೆಟ್ಟಿಲು ಹತ್ತಿ ಬಂದ. ಅವನು ಯಾವತ್ತೂ ಬಾಗಿಲಲ್ಲೇ ನಿಂತು ಗಂಟು ಕೇಳುವವನು. ಅಂದೂ ಬಾಗಿಲಲ್ಲೇ ನಿಂತ. ಪರದೆ ಕಂಡಿತು. ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

"ಇದು ಎಲ್ಲೀದು?" ಎಂದ.

"ಅವನ ಅಂಗಿದು. ಉಳದ ತುಂಡು. ಇದರಾಗ ಹಾಕಿ ಇಟ್ಟಿದ್ನಿ."

ಮುರಿಗೆಪ್ಪ ಒಳಗೆ ಬಂದು, ಪರದೆಯ ಗಾಜಿನ ಮೇಲೆ ಅಂಗೈಯಿಟ್ಟ.

"ನೀರಾಗ ಇದನ್ನಽ ಹಿಡದಿದ್ನಿ," ಎಂದ.

"ಅಂಗೀನ?"

"ಅಂಗಿ ಅಂತ ಹಿಡದ್ನಿ. ನೀರು ರಾಡಿ ಆಗಿತ್ತು. ಹಳದಿ ಕಾಣ್ತು, ಕೆಂಪ ಬಸ್ಸು ಕಾಣ್ತು. ಮುಷ್ಟಿ ಬಿಗಿ ಮಾಡಿ ಜಗ್ಗಿದ್ನಿ. ಸಿಕ್ಕ ಅಂತ ಖುಷಿ ಆತು ಸುಂದ್ರಿ, ಖರೇನ ಖುಷಿ ಆತು. ದಂಡಿಗೆ ಎಳದು ನೋಡಿದ್ರ ಕೌದಿ. ಕೌದಿ ಮೂಲಿ. ಅದನ್ನ ನೀರಿಗಽ ಒಗದು ತಿರುಗಿ ನೋಡೂದ್ರಾಗ ಅಂವಾ..."

ಅಂಗೈಯನ್ನು ಪರದೆಯಿಂದ ತೆಗೆದು ಮುಷ್ಟಿ ಕಟ್ಟಿದ.

ಸುಂದ್ರವ್ವನಿಗೆ ಕಿವಿಯಲ್ಲಿ ಹೊಳೆಯೇ ನುಗ್ಗಿದಂತಾಯಿತು. ಹಳೆಯ ತುಂಡಾಗಿದ್ದರೆ ಬಣ್ಣ ಮಾಸಿರುತ್ತಿತ್ತು. ಮಾಸಿದ್ದರೆ ಆ ರಾಡಿಯಲ್ಲಿ ಹಾಗೆ ಹೊಳೆಯುತ್ತಿರಲಿಲ್ಲ. ಹೊಳೆಯದಿದ್ದರೆ ಅವನ ಕೈ ಸರಿಯಾದ ಕಡೆಗೆ ಹೋಗುತ್ತಿತ್ತು. ಇದೆಲ್ಲವನ್ನೂ ಅವಳು ಒಂದೇ ಉಸಿರಿನಲ್ಲಿ ಕಂಡಳು.

"ನಾ ಹಚ್ಚಿದ ತುಂಡು," ಎಂದಳು.

"ಅದಕ್ಕಽ ಹೇಳಲಿಲ್ಲ," ಎಂದ ಮುರಿಗೆಪ್ಪ.

ಒಂದು ವರ್ಷ ಅವನ ಮೌನವನ್ನು ಅವಳು ಕಲ್ಲು ಎಂದುಕೊಂಡಿದ್ದಳು, ಮಗನನ್ನು ಮರೆತವನ ಗಟ್ಟಿ ಎದೆ ಎಂದುಕೊಂಡಿದ್ದಳು. ಈ ಮನುಷ್ಯ ಬೆಂಕಿಯನ್ನು ಒಬ್ಬನೇ ಉಡಿಯಲ್ಲಿ ಕಟ್ಟಿಕೊಂಡು ತಿರುಗಿದ್ದ, ಅವಳಿಗೆ ಕಿಡಿ ಹಾರಬಾರದು ಎಂದು. ಅವಳಿಗೆ ಅವನ ಮೇಲೆ ಎಂದೂ ಇಲ್ಲದಷ್ಟು ಮಮತೆ ಬಂತು, ಅಷ್ಟೇ ಸಂಕಟವೂ ಬಂತು.

ಹಳದಿಯನ್ನು ಮತ್ತೆ ಪಟ್ಟಿಯಷ್ಟಕ್ಕೆ ಸಣ್ಣದು ಮಾಡಿ, ಕುರ್ಚಿಯಿಂದ ಎದ್ದು ಅವನನ್ನು ಕೂರಿಸಿದಳು. ಮೌಸನ್ನು ಅವನ ಕೈಗಿಟ್ಟಳು. ಸ್ಟೇರಿಂಗ್ ಹಿಡಿದು ಒರಟಾದ ಆ ಕೈ ಅದನ್ನು ಪೂರ್ತಿ ಮುಚ್ಚಿಬಿಟ್ಟಿತು.

"ಬಟ್ಟಿ ಮ್ಯಾಲ ಬಾಣ ಇಡ್ರಿ. ಗುಂಡಿ ಒತ್ತಿ ಹಿಡೀರಿ. ಹಾಂ, ಹಂಗಽ. ಈಗ ಎಳೀರಿ."

ಹಳದಿ ತುಂಡು ಪಟ್ಟಿಯಿಂದ ಎದ್ದು ಅವನ ಕೈಯ ಹಿಂದೆ ಹಿಂದೆ ಬಂತು. ಸೀರೆಗಳ ಸಾಲು ದಾಟಿ, ಚೌಕಗಳನ್ನು ದಾಟಿ, ಪರದೆಯ ತುದಿಯ ಖಾಲಿ ಬಿಳಿ ಜಾಗಕ್ಕೆ ಬಂತು. ಅಲ್ಲಿ ಬಿಟ್ಟ ಬಟ್ಟೆ ಅಳಿದುಹೋಗುತ್ತಿತ್ತು, ತಿರುಗಿ ಸಿಗುತ್ತಿರಲಿಲ್ಲ. ಅದನ್ನೂ ಅವನಿಗೆ ಹೇಳಿದಳು.

"ಈಗ ಕೈ ಬಿಡ್ರಿ," ಎಂದಳು.

ಮುರಿಗೆಪ್ಪ ಬಿಡಲಿಲ್ಲ. ಬೆರಳಿನ ಉಗುರು ಬೆಳ್ಳಗಾಗುವಷ್ಟು ಒತ್ತಿ ಹಿಡಿದಿದ್ದ. ಹಳದಿ ತುಂಡು ಆ ಬಿಳಿಯ ಮೇಲೆ, ಅವನ ಕೈ ನಡುಗಿದಂತೆಲ್ಲ ನಡುಗುತ್ತಿತ್ತು. ಕೆಳಗಿನಿಂದ ಯಾರೋ ಟೆಂಪೋ ತೆಗೆಯಿರಿ ಎಂದು ಕೂಗಿದರು.

"ಈಗ ಸಿಕ್ಕೈತಿ ಸುಂದ್ರಿ," ಎಂದ, ಪರದೆಯಿಂದ ಕಣ್ಣು ತೆಗೆಯದೆ. "ಹೆಂಗ ಬಿಡ್ಲಿ?"

ಸುಂದ್ರವ್ವ ಅವನ ಕೈಯ ಮೇಲೆ ಕೈಯಿಟ್ಟಳು. ಹಸುಗೂಸಿನ ಮುಷ್ಟಿ ಬಿಡಿಸುವ ಹಾಗೆ, ಆ ಬೆರಳನ್ನು ತಾನೇ ಮೆಲ್ಲಗೆ ಎತ್ತಿದಳು. ಪರದೆಯ ತುದಿ ಬೆಳ್ಳಗಾಯಿತು.

"ಕೈ ಬಿಟ್ಟಿದ್ದು ನಾನು," ಎಂದಳು. "ನೀವಲ್ಲ."