ಅವ್ವನ ಬೀಸುಕಲ್ಲಿಗೆ ಅಮೆರಿಕದ ಗಿಟಾರು

ಕಳೆದ ವರ್ಷ ಸಂಕ್ರಾಂತಿಯ ಮರುದಿನ. ಅರಭಾವಿಯಲ್ಲಿ ಕೆಲಸದಲ್ಲಿರುವ ನನ್ನ ಅಣ್ಣನ ಮಗ ಒಬ್ಬ ಅಮೆರಿಕನ್ ಗೆಸ್ಟ್‌ನನ್ನು ಘೋಡಗೇರಿಯ ನನ್ನ ತವರುಮನೆಗೆ ಕರೆತಂದ; ಹಬ್ಬಕ್ಕೆಂದು ನಾನೂ ಬಂದಿದ್ದೆ. ಹೆಸರು ವಾಲ್ಟರ್, ಬ್ಲೂಸ್ ಹಾಡುಗಾರ. ಅವನ ಅಜ್ಜಿಯರು ಹತ್ತಿ ಹೊಲದಲ್ಲಿ ಹಾಡುತ್ತ ದುಡಿದವರಂತೆ. ದೇಶ ದೇಶ ತಿರುಗಿ, ದುಡಿಯುವವರ ಹಾಡು ಕಲಿತು ತನ್ನ ಗಿಟಾರಿಗೆ ಕೂಡಿಸುವುದೇ ಅವನ ಲೈಫ್.

“ಅತ್ತಿ, ಹಾಡಿನ ಅರ್ಥಾ ನೀವ ಹೇಳಬೇಕ್ರಿ. ನನ್ನ ಇಂಗ್ಲಿಷ್ ಅಲ್ಲಿ ಮಟಾ ಮುಟ್ಟಂಗಿಲ್ಲ” ಎಂದ ಅಣ್ಣನ ಮಗ.

ನನ್ನ ಇಂಗ್ಲಿಷ್ ಕಾನ್ವೆಂಟಿನದು. ಆರನೇ ವಯಸ್ಸಿಗೇ ಬೆಳಗಾವಿಯ ಹಾಸ್ಟೆಲ್ ಸೇರಿದವಳು ನಾನು. ಬಸ್ ಹತ್ತಿಸುವಾಗ ಬೇರೆ ತಾಯಂದಿರು ಅಳುತ್ತಿದ್ದರು. ನನ್ನ ಅವ್ವ ಒಮ್ಮೆಯೂ ಅಳಲಿಲ್ಲ. ಅವಳಿಗೆ ನಾನು ಬೇಕಾಗಿದ್ದೆನೋ ಇಲ್ಲವೋ ಎಂಬ ಡೌಟ್ ಅವಳು ತೀರಿಹೋದಮೇಲೂ ನನ್ನಲ್ಲಿ ಉಳಿದಿತ್ತು.

ಪಕ್ಕದ ಮನೆಯ ಗಂಗಕ್ಕ ಅವ್ವನೊಂದಿಗೆ ವರ್ಷಗಟ್ಟಲೆ ಜೋಳ ಬೀಸಿದವಳು. ಬೀಸುವ ಪದ ಹಾಡು ಎಂದರೆ ನಕ್ಕಳು. “ಈಗ ಗಿರಣಿನ ಹಾಡತೈತಿ. ಅದರ ಮುಂದ ಹೋಗಿ ಕುಂಡ್ರು ಅನ್ನು ಅಂವಗ!” ಬಿಡದೆ ಕಾಡಿದಾಗ ಬಾಯಿ ತೆರೆದಳು, ಪದ ಬರಲಿಲ್ಲ. “ಕೈಯಾಗ ಗೂಟ ಇಲ್ಲದ ಹಾಡ ಬರಂಗಿಲ್ಲ ತಂಗಿ.”

ಹಿತ್ತಲಲ್ಲಿ ಬಿದ್ದಿದ್ದ ಅವ್ವನ ಬೀಸುಕಲ್ಲನ್ನು ತೊಳೆದು ತಂದರು. ಗಂಗಕ್ಕನ ಎದುರು, ಅವ್ವ ಕೂರುತ್ತಿದ್ದ ಕಡೆ ಕುಳಿತು ನಾನೂ ಗೂಟ ಹಿಡಿದೆ. ಕಲ್ಲು ತಿರುಗಿತು. ವಾಲ್ಟರ್ ಅದರ ಗರಗರ ಸದ್ದಿನ ಅಡಿಯಲ್ಲೇ ಒಂದು ತಂತಿ ಮೀಟಿದ, ವೆರಿ ಸಾಫ್ಟ್. ಗಂಗಕ್ಕ ಕಣ್ಣು ಮುಚ್ಚಿ ಹಾಡಿದಳು:

ದೂರ ಸಾಲಿಗಿ ಹ್ವಾದ ನನ ಸುಶೀಲಿ ತಲಿಯ
ಯಾರ ಹಿಕ್ಕಿ ಹೆಣದಾರ, ನನ ಕೈಗೆ
ಬೀಸೂ ಗೂಟ ಉಳದೈತ

ಸುಶೀಲಿ ನಾನೇ. ನನ್ನ ಕೈ ನಿಂತಿತು.

“ನಿಮ್ಮವ್ವ ಕಟ್ಟಿದ ಪದ. ದಿನಾ ಹಾಡತಿದ್ಲು. ನೀ ಸೂಟಿಗಿ ಬಂದಾಗಷ್ಟ ಹಾಡತಿದ್ದಿಲ್ಲ” ಎಂದಳು ಗಂಗಕ್ಕ.

“ಯಾಕ?”

“ಮಗಳು ಮನ್ಯಾಗ ಇದ್ದಾಗ ಇದನ್ನ ಯಾರ ಹಾಡತಾರ, ಹುಚ್ಚಿ!”

“ವಾಟ್ ಡಸ್ ಇಟ್ ಮೀನ್, ಮ್ಯಾಮ್?” ಎಂದ ವಾಲ್ಟರ್. ಕಲಿತ ಇಂಗ್ಲಿಷೆಲ್ಲ ಎಲ್ಲಿ ಹೋಯಿತೋ, ತಲೆ ಬಾಚಿ ಜಡೆ ಹೆಣೆಯುವಂತೆ ಕೈಯಾಡಿಸಿ ತೋರಿಸಿದೆ. ಅವನು ನನ್ನ ಮುಖ ನೋಡಿದ, ಮತ್ತೆ ಕೇಳಲಿಲ್ಲ. ಅದೇ ಧಾಟಿಯನ್ನು ಇನ್ನೊಮ್ಮೆ ಮೆಲ್ಲಗೆ ನುಡಿಸಿದ.

ಅವನು ಕಳಿಸಿದ ರೆಕಾರ್ಡಿಂಗ್ ಫೋನಿನಲ್ಲಿದೆ. ಬೆಳಿಗ್ಗೆ ತಲೆ ಬಾಚುವಾಗ ಹಾಕುತ್ತೇನೆ. ಆ ಸಾಲು ಬಂದಾಗಲೆಲ್ಲ ಉತ್ತರ ಕೊಡುತ್ತೇನೆ: “ನಾನ ಹೆಣಕೋತಿದ್ದೆ ಅವ್ವಾ. ಸೊಟ್ಟ ಆಗತಿತ್ತು.”