ಅಕ್ಕನ ಉಸಿರೂ ನನ್ನ ಗೋಣಿಚೀಲವೂ

ಈವತ್ತು ಬೆಳಿಗ್ಗೆ ಪಕ್ಕದ ಮನೆಯಿಂದ ಒದ್ದೆ ಗೋಣಿಚೀಲದ ವಾಸನೆ ಬಂತು. ಸಂಡೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ನಿಮಗೆ ಹೇಳುತ್ತೇನೆ. ಅದಿರಿನ ಲಾರಿಗಳ ಕೆಂಧೂಳು ಒಳಗೆ ಬರದಿರಲೆಂದು ನಾವು ಬಾಗಿಲು, ಕಿಟಕಿಗಳಿಗೆ ಗೋಣಿ ನೆನೆಸಿ ಕಟ್ಟುತ್ತೇವೆ. ನಮ್ಮಲ್ಲಿ ಯಾರಿಗೆ ಏದುಸಿರು ಬಂದರೂ ಕಾರಣ ಒಂದೇ, ಧೂಳು.

ಐದಾರು ವರ್ಷದ ಹಿಂದೆ ನನ್ನ ಅಕ್ಕ ನೀಲಮ್ಮನಿಗೆ ಕೊಡ ಎತ್ತಿದರೂ ಏದುಸಿರು ಬರತೊಡಗಿತು. ಆಗ ಅವಳಿಗಿನ್ನೂ ನಲವತ್ತಾಗಿರಲಿಲ್ಲ. ಡಾಕ್ಟರು ಯಾವ ಊರೆಂದು ಕೇಳಿ, "ಧೂಳು" ಎಂದರು; ಬಾಯಿಂದ ಔಷಧಿ ಎಳೆದುಕೊಳ್ಳುವ ಪಂಪು ಕೊಟ್ಟರು. ನಾನೇನು ಕಡಿಮೆ? ಏಳೂ ಕಿಟಕಿಗೆ ಗೋಣಿ ಬಡಿದು, ದಿನಕ್ಕೆ ಮೂರು ಸಲ ನೀರು ಚಿಮುಕಿಸಿ, ಅರ್ಧ ಡಾಕ್ಟರನಂತೆ ಬೀಗಿದೆ. ಅಕ್ಕ ಕತ್ತಲಲ್ಲಿ ಕೂತು ಕೆಮ್ಮಿದಳು.

"ಲೇ, ಗಣಿಯಾಗ ದುಡಿಯಾವ ನೀನು. ನಾ ಮನ್ಯಾಗ ಕುಂತು ಬಟ್ಟಿ ಹೊಲಿಯಾಕಿ. ಧೂಳಾಗಿದ್ರ ಮೊದ್ಲು ನಿನಗ ಬರಬೇಕಿತ್ತಲ್ಲ?" ಎಂದಳು ಒಂದು ದಿನ.

"ಡಾಕ್ಟ್ರಿಗಿಂತ ನಿನಗ ಭಾಳ ಗೊತ್ತೇನು? ಸುಮ್ನಿರಕ್ಕ," ಎಂದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆಮೇಲೆ ಅವಳ ಒಂದು ಶ್ವಾಸಕೋಶ ಗಾಳಿ ಸೋರಿ ಕುಸಿಯಿತು. ಹೊಸಪೇಟೆಯಲ್ಲಿ ಪಕ್ಕೆಗೆ ನಳಿಕೆ ಹಾಕಿ ಉಳಿಸಿದರು. ಮೂರು ತಿಂಗಳಿಗೆ ಮತ್ತೆ ಹಾಗೇ ಆಯಿತು. ಆಗಲೂ ಡಾಕ್ಟರು ಧೂಳೇ ಎಂದಾಗ ಅಕ್ಕ ಆಸ್ಪತ್ರೆಯ ಮಂಚ ಬಿಟ್ಟು ಏಳಲಿಲ್ಲ.

"ಸ್ಕ್ಯಾನ್ ತೆಗೀರಿ. ಒಳಗ ನೋಡದಲೇ ಧೂಳು ಅನಬ್ಯಾಡ್ರಿ. ಅಲ್ಲೀತನ ನಾ ಮನಿಗೆ ಹೋಗಂಗಿಲ್ಲ."

ತೆಗೆದರು. ಎರಡೂ ಶ್ವಾಸಕೋಶದ ತುಂಬ ದುಂಡು ದುಂಡನೆಯ ಗಾಳಿಗುಳ್ಳೆಗಳು. ಬಳ್ಳಾರಿಗೆ ಕಳಿಸಿದರು. ಅಲ್ಲಿನ ಡಾಕ್ಟರಮ್ಮ ರಕ್ತಪರೀಕ್ಷೆಯನ್ನೂ ಮಾಡಿಸಿ ರೋಗದ ಹೆಸರು ಹೇಳಿದರು: ಲ್ಯಾಮ್. ಅಪರೂಪದ್ದು, ಹೆಚ್ಚಾಗಿ ಹೆಂಗಸರಿಗೇ ಬರುವಂಥದ್ದು.

"ಧೂಳಿನಿಂದ ಬಂದದ್ದಲ್ಲಮ್ಮ ಇದು. ಪೂರ್ತಿ ಗುಣ ಆಗಲ್ಲ. ಮಾತ್ರೆ ತಗೊಂಡರೆ ಹೆಚ್ಚಾಗೋದನ್ನ ತಡೀಬಹುದು."

"ಅಷ್ಟಾದ್ರ ಸಾಕ್ರಿ. ಉಳಿದದ್ದು ನಾ ನೋಡ್ಕೊಂತೀನಿ," ಎಂದಳು ಅಕ್ಕ.

ಮನೆಗೆ ಬಂದವಳೇ ಏಳೂ ಗೋಣಿ ಕಿತ್ತು ನನ್ನ ಕೈಗೆ ಕೊಟ್ಟಳು. ಧೂಳು ಒಳ್ಳೆಯದೆಂದು ನಾನೇನೂ ವಾದಿಸುತ್ತಿಲ್ಲ; ಅಕ್ಕನ ರೋಗವನ್ನು ಅದರ ತಲೆಗೆ ಕಟ್ಟಿ ಕೈತೊಳೆದುಕೊಂಡವರಲ್ಲಿ ನಾನೂ ಒಬ್ಬ, ಅಷ್ಟೆ. ಈಗ ಅವಳಿಗೆ ದಿನಾ ಒಂದೇ ಹೊತ್ತಿಗೆ ಮಾತ್ರೆ, ಆಗಾಗ ಕೊಳವೆಯೊಳಗೆ ಊದುವ ಪರೀಕ್ಷೆ. ಮೆಟ್ಟಿಲು ನಿಧಾನವಾಗಿ ಹತ್ತುತ್ತಾಳೆ, ಆದರೆ ಹತ್ತುತ್ತಾಳೆ. ಕಿಟಕಿ ತೆರೆದಿಟ್ಟೇ ಹೊಲಿಗೆ ಯಂತ್ರ ತುಳಿಯುತ್ತಾಳೆ.

ಈವತ್ತು ಬೆಳಿಗ್ಗೆ ಗೋಣಿ ಕಟ್ಟುತ್ತಿದ್ದ ಪಕ್ಕದ ಮನೆಯ ಶರಣಪ್ಪನನ್ನು ಏನಾಯಿತೆಂದು ಕೇಳಿದೆ.

"ನಮ್ಮಾಕಿಗೆ ದಮ್ಮು ಹತ್ತೈತ್ರಿ. ಧೂಳು, ಮತ್ತೇನು," ಎಂದ.

ಚಪ್ಪಲಿ ಮೆಟ್ಟಿ ಅವನ ಬಾಗಿಲಿಗೇ ಹೋಗಿ ಗೋಣಿಯ ಇನ್ನೊಂದು ತುದಿ ಹಿಡಿದು ಕೆಳಗಿಳಿಸಿದೆ. "ಒಳಗ ನೋಡದಲೇ ಧೂಳು ಅನಬ್ಯಾಡ್ರಿ. ನಿಮ್ಮಾಕೀನ ಕರಕೊಂಡು ಜಲ್ದಿ ಬರ್ರಿ, ಬಳ್ಳಾರಿ ಡಾಕ್ಟರಮ್ಮನ ಕಡೆ ಹೋಗಾನ."